ಫೆಬ್ರವರಿಯ ಲಕೋಟೆ ಒಡೆದು ಓದಿ

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲದ ಪ್ರಶ್ನೆಗಳೆಲ್ಲ ಮನೆ ಕಂದಾಯದ ಬಗ್ಗೆ. ಒಂದು ಬೆಂಗಳೂರಿನದು. ಉಳಿದವು ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಮನೆ ಮಾಡಿಕೊಂಡಿರುವ ಕನ್ನಡಿಗರವು. ಡೆಟ್ರಾಯಿಟ್ ಹತ್ತಿರದ ಒಂದು ಟೌನ್‌ಶಿಪ್‌ನ, ಅಂದರೆ ನಮ್ಮ ಪಂಚಾಯಿತಿಯಂಥ ಸ್ಥಳೀಯ ಆಡಳಿತದ, ಅಸೆಸರ್ ಕಚೇರಿಯಲ್ಲಿ ನಾನು 24 ವರ್ಷ ಕೆಲಸ ಮಾಡಿದ್ದೇನೆ. ಮನೆಗಳಿಗೆ ಬೆಲೆ ಕಟ್ಟುವುದು, ಅದನ್ನು ಮನೆಯವರಿಗೆ ತಿಳಿಸುವ ನೋಟಿಸ್ ಕಳಿಸುವುದು, ಆಮೇಲೆ ಕೌಂಟರ್‌ನಲ್ಲಿ ನಿಂತು ಬಿಡಿಸಿ ಹೇಳುವುದು ನನ್ನ ಕೆಲಸವಾಗಿತ್ತು. ಈ ಸಂಚಿಕೆ ನಿಮ್ಮ ಕೈಗೆ ಬರುವಾಗ 2025ರ ಮಾರ್ಚ್ ಶುರುವಾಗಿರುತ್ತದೆ. ಅದಕ್ಕೇ ಒಂದಿಷ್ಟು ಅವಸರದಲ್ಲೇ ಬರೆಯುತ್ತಿದ್ದೇನೆ.

ಪ್ರಶ್ನೆ: ಮೇಡಂ, ನಾವು 2024ರ ಆಗಸ್ಟ್‌ನಲ್ಲಿ 4,80,000 ಡಾಲರ್ ಕೊಟ್ಟು ಮನೆ ತಗೊಂಡ್ವಿ. ಮಾರಿದವರು ವರ್ಷಕ್ಕೆ 4,600 ಡಾಲರ್ ಚಿಲ್ಲರೆ ಕಂದಾಯ ಕಟ್ಟುತ್ತಿದ್ದರು. ನಮಗೂ ಅಷ್ಟೇ ಬರುತ್ತೆ ಅಂದುಕೊಂಡಿದ್ದೆವು. ಹೋದ ವಾರ ಒಂದು ನೋಟಿಸ್ ಬಂತು. ಮೇಲುಗಡೆ ‘ಇದು ತೆರಿಗೆ ಬಿಲ್ ಅಲ್ಲ’ ಅಂತ ದಪ್ಪಕ್ಷರದಲ್ಲಿದೆ. ಅಸೆಸ್ಡ್ ವ್ಯಾಲ್ಯೂ 2,21,000ದಿಂದ 2,36,000 ಆಗಿದೆ. ಟ್ಯಾಕ್ಸಬಲ್ ವ್ಯಾಲ್ಯೂ ಮಾತ್ರ 1,28,000ದಿಂದ ಒಂದೇ ಸಲ 2,36,000ಕ್ಕೆ ಹೋಗಿದೆ! ಏನೋ ತಪ್ಪಾಗಿದೆ ಅಲ್ವಾ?
– ನೋವೈಯಿಂದ ಓದುಗರೊಬ್ಬರು

ಉತ್ತರ: ತಪ್ಪಾಗಿಲ್ಲ. ಕೇಳಿದರೆ ಬೇಜಾರಾಗುತ್ತದೆ, ಗೊತ್ತು. ಆದರೆ ಮೊದಲೇ ಹೇಳಿಬಿಡುವುದು ಒಳ್ಳೆಯದು.

ಮಿಷಿಗನ್‌ನಲ್ಲಿ ಪ್ರತಿ ಮನೆಗೂ ಎರಡು ಬೆಲೆ ಇರುತ್ತವೆ. ಮೊದಲನೆಯದು ಅಸೆಸ್ಡ್ ವ್ಯಾಲ್ಯೂ. ಹಿಂದಿನ ಡಿಸೆಂಬರ್ 31ರಂದು ನಿಮ್ಮ ಮನೆ ಮಾರುಕಟ್ಟೆಯಲ್ಲಿ ಎಷ್ಟಕ್ಕೆ ಹೋಗುತ್ತಿತ್ತೋ ಅದರ ಅರ್ಧ. ಎರಡನೆಯದು ಟ್ಯಾಕ್ಸಬಲ್ ವ್ಯಾಲ್ಯೂ. ಕಂದಾಯದ ಲೆಕ್ಕ ಹಾಕುವುದು ಇದರ ಮೇಲೆ. 1994ರ ಮಾರ್ಚ್ 15ರಂದು ಇಲ್ಲಿನ ಜನ ಪ್ರಪೋಸಲ್ ಎ ಎಂಬ ತಿದ್ದುಪಡಿಗೆ ಮತ ಹಾಕಿದರು. ಸೇಲ್ಸ್ ಟ್ಯಾಕ್ಸ್ 4ರಿಂದ 6 ಪರ್ಸೆಂಟ್‌ಗೆ ಏರಿದ್ದು ಅದರಿಂದಲೇ. ಅದರ ಜೊತೆಗೆ ಇನ್ನೊಂದು ಕಟ್ಟುಪಾಡು ಬಂತು. ಒಬ್ಬರ ಕೈಯಲ್ಲೇ ಮನೆ ಇರುವ ತನಕ ಟ್ಯಾಕ್ಸಬಲ್ ವ್ಯಾಲ್ಯೂ ವರ್ಷಕ್ಕೆ 5 ಪರ್ಸೆಂಟ್ ಅಥವಾ ಹಣದುಬ್ಬರದ ದರ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಮಾತ್ರ ಏರಬಹುದು. 2024ಕ್ಕೆ 5 ಪರ್ಸೆಂಟ್ ಇತ್ತು. 2025ಕ್ಕೆ 3.1.

ಮನೆ ಕೈ ಬದಲಾಯಿತು ಅಂದರೆ ಆ ಕಟ್ಟು ಬಿಚ್ಚಿಕೊಳ್ಳುತ್ತದೆ. ಇಲ್ಲಿ ಅದಕ್ಕೆ ‘ಅನ್‌ಕ್ಯಾಪ್’ ಆಗುವುದು ಅನ್ನುತ್ತಾರೆ. ಮಾರಿದವರು ಬಹಳ ವರ್ಷ ಆ ಮನೆಯಲ್ಲಿದ್ದರು ಅಂತ ಕಾಣುತ್ತದೆ. ಅವರ 1,28,000 ಅವರ ಜೊತೆಗೇ ಹೋಯಿತು. ನೀವು ಕೊಂಡ ಮರುವರ್ಷ ಟ್ಯಾಕ್ಸಬಲ್ ವ್ಯಾಲ್ಯೂ ಪೂರ್ತಿ ಅರ್ಧ ಬೆಲೆಗೆ ಏರಿ ನಿಲ್ಲುತ್ತದೆ. ನಿಮ್ಮ ನೋಟಿಸ್‌ನಲ್ಲೇ ಒಂದು ಸಾಲು ಇದೆ, ನೋಡಿ: 2024ರಲ್ಲಿ ಒಡೆತನ ಬದಲಾಗಿದೆಯೋ ಇಲ್ಲವೋ ಅಂತ. ಅಲ್ಲಿ ಬದಲಾಗಿದೆ ಅಂತ ಇರುತ್ತದೆ.

ದುಡ್ಡಿನ ಲೆಕ್ಕ ಹೀಗೆ. ಟ್ಯಾಕ್ಸಬಲ್ ವ್ಯಾಲ್ಯೂನ ಪ್ರತಿ ಸಾವಿರ ಡಾಲರ್‌ಗೆ ಒಂದು ಡಾಲರ್ ಅಂದರೆ ಒಂದು ಮಿಲ್. ಒಟ್ಟು 36 ಮಿಲ್ ಅಂತ ಇಟ್ಟುಕೊಳ್ಳೋಣ. 1,28,000ಕ್ಕೆ 4,608 ಡಾಲರ್. ಇದು ಹಳಬರು ಕಟ್ಟುತ್ತಿದ್ದದ್ದು. 2,36,000ಕ್ಕೆ 8,496 ಡಾಲರ್. ತಿಂಗಳಿಗೆ 324 ಡಾಲರ್ ಜಾಸ್ತಿ. ಬ್ಯಾಂಕಿನವರು ಸಾಲದ ಕಂತಿನ ಜೊತೆ ಕಂದಾಯದ ದುಡ್ಡನ್ನೂ ಎಸ್ಕ್ರೋದಲ್ಲಿ ಹಿಡಿಯುತ್ತಾರಲ್ಲ, ಅವರು ಹಳೇ ಬಿಲ್ ನೋಡಿ ಲೆಕ್ಕ ಹಾಕಿರುತ್ತಾರೆ. ಮುಂದೆ ಕೊರತೆ ಬಿದ್ದಾಗ ಕಂತು ಇನ್ನೂ ಏರುತ್ತದೆ. ಈಗಿನಿಂದಲೇ ಆ ದುಡ್ಡು ತೆಗೆದಿಡಿ.

ಇಷ್ಟು ಹೇಳಿದ ಮೇಲೆ, ನೀವು ಇವತ್ತೇ ನೋಡಬೇಕಾದ ಒಂದು ಸಾಲು ಅದೇ ಕಾಗದದಲ್ಲಿದೆ. ನೀವೇ ವಾಸ ಮಾಡುವ ಮನೆಗೆ ಸಿಗುವ ವಿನಾಯಿತಿ ಎಷ್ಟು ಪರ್ಸೆಂಟ್ ಅಂತ ಅಲ್ಲಿ ಬರೆದಿರುತ್ತದೆ. 100 ಇರಬೇಕು. ಸೊನ್ನೆ ಇದ್ದರೆ ಶಾಲೆಯ ಖರ್ಚಿನ 18 ಮಿಲ್ ನಿಮ್ಮ ತಲೆಗೆ ಬರುತ್ತದೆ. ನಿಮ್ಮ ಲೆಕ್ಕದಲ್ಲಿ ಅದು ವರ್ಷಕ್ಕೆ 4,248 ಡಾಲರ್! ಮಾರಿದವರ ವಿನಾಯಿತಿ ಮಾರಿದ ವರ್ಷದ ಡಿಸೆಂಬರ್‌ಗೆ ಮುಗಿಯುತ್ತದೆ. ನಿಮ್ಮದನ್ನು ನೀವೇ ಕೇಳಿ ಪಡೆಯಬೇಕು. ಫಾರ್ಮ್ ನಂಬರ್ 2368. ಬೇಸಿಗೆಯ ಬಿಲ್‌ಗೆ ಅನ್ವಯವಾಗಬೇಕಾದರೆ ಜೂನ್ 1ರೊಳಗೆ ನಿಮ್ಮ ಸಿಟಿ ಕಚೇರಿಗೆ ತಲುಪಿರಬೇಕು. ಮನೆ ರಿಜಿಸ್ಟರ್ ಆದ ದಿನ ರಾಶಿ ಕಾಗದಗಳಿಗೆ ಸಹಿ ಹಾಕಿರುತ್ತೀರಿ. ಅದರಲ್ಲಿ ಇದೂ ಇತ್ತು ಅಂತ ಸುಮ್ನೆ ನಂಬಬೇಡಿ.

ಇನ್ನೊಂದು ಮಾತು. 4,80,000ದ ಅರ್ಧ 2,40,000. ನಿಮಗೆ ಬಂದಿರುವುದು 2,36,000. ನೀವು ಕೊಟ್ಟ ಬೆಲೆಯನ್ನೇ ಅರ್ಧ ಮಾಡಿ ಬರೆಯಲು ಅಸೆಸರ್‌ಗೆ ಕಾನೂನಿನಲ್ಲಿ ಅವಕಾಶ ಇಲ್ಲ. ಸುತ್ತಲಿನ ಮಾರಾಟಗಳನ್ನೆಲ್ಲ ನೋಡಿ, ಮಾರಿದ ಮನೆಗೂ ಮಾರದ ಮನೆಗೂ ಒಂದೇ ರೀತಿ ಬೆಲೆ ಕಟ್ಟಬೇಕು. ನಿಮ್ಮ ಸಂಖ್ಯೆ ನೋಡಿದರೆ ಹಾಗೇ ಮಾಡಿದ್ದಾರೆ ಅನ್ನಿಸುತ್ತದೆ.

ಪ್ರಶ್ನೆ: ನಮ್ಮ ನೋಟಿಸ್‌ನಲ್ಲಿ ಅಸೆಸ್ಡ್ ವ್ಯಾಲ್ಯೂ ಅಂತ ಒಂದು ಸಾಲು, ಸ್ಟೇಟ್ ಈಕ್ವಲೈಜ್ಡ್ ವ್ಯಾಲ್ಯೂ ಅಂತ ಇನ್ನೊಂದು ಸಾಲು. ಎರಡರಲ್ಲೂ ಅದೇ ಸಂಖ್ಯೆ. ನಡುವೆ 1.000 ಅಂತ ಏನೋ ಇದೆ. ಹತ್ತು ವರ್ಷದಿಂದ ಹೀಗೇ ಬರುತ್ತಿದೆ. ಒಂದೇ ಸಂಖ್ಯೆಯನ್ನು ಎರಡು ಸಲ ಯಾಕೆ ಬರೆಯುತ್ತಾರೆ?
– ಕ್ಯಾಂಟನ್‌ನಿಂದ ಓದುಗರೊಬ್ಬರು

ಉತ್ತರ: ನನಗೆ ತುಂಬಾ ಇಷ್ಟವಾದ ಪ್ರಶ್ನೆ ಇದು. 24 ವರ್ಷದಲ್ಲಿ ಇದನ್ನು ಕೇಳಿದವರು ಕೆಲವೇ ಮಂದಿ.

ತಿಪಟೂರಿನಲ್ಲಿ ನಮ್ಮ ತಂದೆಯವರದು ಕೊಬ್ಬರಿ ಅಂಗಡಿ. ತಕ್ಕಡಿ, ಕಬ್ಬಿಣದ ತೂಕದ ಬಟ್ಟುಗಳು ನೋಡುತ್ತಲೇ ಬೆಳೆದೆ. ಆಗಾಗ ತೂಕ ಮತ್ತು ಅಳತೆಯ ಇನ್‌ಸ್ಪೆಕ್ಟರ್ ಬರುತ್ತಿದ್ದರು. ಅವರು ಯಾವ ಗಿರಾಕಿಯ ಕೊಬ್ಬರಿಯನ್ನೂ ತೂಗುತ್ತಿರಲಿಲ್ಲ. ಬಟ್ಟುಗಳನ್ನು ಮಾತ್ರ ತೂಗಿ ನೋಡುತ್ತಿದ್ದರು. ಸರಿ ಇದ್ದರೆ ಹಿಂಬದಿಯ ಸೀಸಕ್ಕೆ ಮುದ್ರೆ ಒತ್ತುತ್ತಿದ್ದರು. ನಮ್ಮ ಅಂಗಡಿಯ ಒಂದು ಕಿಲೋ, ಪಕ್ಕದ ಅಂಗಡಿಯ ಒಂದು ಕಿಲೋ, ಅರಸೀಕೆರೆಯ ಒಂದು ಕಿಲೋ ಒಂದೇ ಇರಲಿ ಅಂತ. ಅಜ್ಜಿಯ ಕಾಲದಲ್ಲಿ ಕಚ್ಚಾ ಸೇರು, ಪಕ್ಕಾ ಸೇರು ಅಂತ ಎರಡು ಬಗೆ ಇದ್ದು, ಸಂತೆಯಲ್ಲಿ ಅದೇ ಜಗಳವಂತೆ.

ಈಕ್ವಲೈಸೇಶನ್ ಅಂದರೆ ಇದೇ. ಊರೂರಿನ ಅಳತೆಯನ್ನು ಸರಿದೂಗಿಸುವುದು. ಮಿಷಿಗನ್‌ನಲ್ಲಿ 83 ಕೌಂಟಿಗಳಿವೆ, ನಮ್ಮ ಜಿಲ್ಲೆಗಳ ಹಾಗೆ. ಅವುಗಳ ಒಳಗೆ ಸಾವಿರಕ್ಕೂ ಜಾಸ್ತಿ ಟೌನ್‌ಶಿಪ್‌ಗಳು, ನೂರಾರು ಸಿಟಿಗಳು. ಬೆಲೆ ಕಟ್ಟುವ ಕೆಲಸ ನಡೆಯುವುದು ಆ ಟೌನ್‌ಶಿಪ್, ಸಿಟಿಗಳ ಮಟ್ಟದಲ್ಲಿ. ಆದರೆ ಕಂದಾಯ ಊರಿಗೆ ಮಾತ್ರ ಹೋಗುವುದಿಲ್ಲ. ಕೌಂಟಿಗೆ ಒಂದು ಪಾಲು, ಕಮ್ಯುನಿಟಿ ಕಾಲೇಜಿಗೆ ಒಂದು ಪಾಲು, ರಾಜ್ಯದ ಶಿಕ್ಷಣ ತೆರಿಗೆ ಅಂತ 6 ಮಿಲ್. ಒಂದು ಊರಿನವರು ತಮ್ಮ ಮನೆಗಳಿಗೆ ಕಡಿಮೆ ಬೆಲೆ ಬರೆದುಕೊಂಡರೆ ಆ ಹಂಚಿಕೆಯಲ್ಲಿ ಅವರ ಪಾಲು ಇಳಿಯುತ್ತದೆ. ಇಳಿದ ಭಾರ ಪಕ್ಕದ ಊರಿನವರ ಮೇಲೆ ಬೀಳುತ್ತದೆ.

ಎರಡು ಊರು ಅಂದುಕೊಳ್ಳಿ. ಎರಡರಲ್ಲೂ 3,00,000 ಡಾಲರ್ ಬೆಲೆಯ ಒಂದೊಂದು ಮನೆ. ಎರಡನ್ನೂ ಹೊಸದಾಗಿ ಕೊಂಡಿದ್ದಾರೆ. ಮೊದಲ ಊರಿನ ಅಸೆಸರ್ ನೆಟ್ಟಗೆ ಅರ್ಧ ಬರೆದರು, 1,50,000. ಎರಡನೇ ಊರಿನವರು ನೂರಕ್ಕೆ ನಲವತ್ತರ ಲೆಕ್ಕದಲ್ಲಿ 1,20,000 ಬರೆದರು. ಕೌಂಟಿಯ ತೆರಿಗೆ 6 ಮಿಲ್ ಅಂತಿದ್ದರೆ ಒಬ್ಬರು 900 ಡಾಲರ್ ಕಟ್ಟುತ್ತಾರೆ, ಇನ್ನೊಬ್ಬರು 720. ಒಂದೇ ಥರದ ಮನೆ, ಒಂದೇ ಕೌಂಟಿಯ ರಸ್ತೆ.

ಇದನ್ನು ತಡೆಯಲು ಕೌಂಟಿಯಲ್ಲಿ ಈಕ್ವಲೈಸೇಶನ್ ವಿಭಾಗ ಅಂತ ಇರುತ್ತದೆ. ಅವರು ಪ್ರತಿ ಊರಿನಲ್ಲಿ ಮಾರಾಟವಾದ ಮನೆಗಳನ್ನು ತೆಗೆದುಕೊಳ್ಳುತ್ತಾರೆ. ಮಾರಿದ ಬೆಲೆಗಳನ್ನೆಲ್ಲ ಒಂದು ಕಡೆ, ಅಸೆಸರ್ ಬರೆದ ಬೆಲೆಗಳನ್ನೆಲ್ಲ ಇನ್ನೊಂದು ಕಡೆ ಕೂಡುತ್ತಾರೆ. ಮಾರಾಟ ಒಟ್ಟು 60 ಲಕ್ಷ, ಅಸೆಸರ್ ಬರೆದದ್ದು 27 ಲಕ್ಷ ಅಂದರೆ ಆ ಊರಿನ ಅಳತೆ 45ಕ್ಕೆ ನಿಂತಿದೆ. ಇರಬೇಕಾದ್ದು 50. ಐವತ್ತನ್ನು ನಲವತ್ತೈದರಿಂದ ಭಾಗಿಸಿದರೆ 1.1111. ಇದೇ ಆ ಊರಿನ ಗುಣಕ. ಆ ವರ್ಗದ ಪ್ರತಿ ಮನೆಯ ಬೆಲೆಯನ್ನೂ ಇದರಿಂದ ಗುಣಿಸಬೇಕು. ಮನೆ, ಜಮೀನು, ಅಂಗಡಿ, ಕಾರ್ಖಾನೆ ಹೀಗೆ ವರ್ಗಕ್ಕೊಂದು ಲೆಕ್ಕ. ಇನ್‌ಸ್ಪೆಕ್ಟರ್ ಕೊಬ್ಬರಿ ತೂಗದ ಹಾಗೆ, ಕೌಂಟಿಯವರೂ ನಿಮ್ಮ ಮನೆಯನ್ನು ಬಿಡಿಯಾಗಿ ಸರಿ ಮಾಡುವುದಿಲ್ಲ. ಊರಿನ ಬಟ್ಟನ್ನು ಸರಿ ಮಾಡುತ್ತಾರೆ.

ಏಪ್ರಿಲ್‌ನಲ್ಲಿ ಕೌಂಟಿ ಕಮಿಷನರ್‌ಗಳು ಊರು ಊರಿನ ನಡುವೆ ಸರಿದೂಗಿಸುತ್ತಾರೆ. ಮೇ ತಿಂಗಳಲ್ಲಿ ರಾಜ್ಯದ ಟ್ಯಾಕ್ಸ್ ಕಮಿಷನ್ ಕೌಂಟಿ ಕೌಂಟಿಗಳ ನಡುವೆ ಸರಿದೂಗಿಸುತ್ತದೆ. ನಾಲ್ಕನೇ ಸೋಮವಾರ ಅಂತಿಮ ಆದೇಶ. ಈ ಎರಡು ಮೆಟ್ಟಿಲು ಹತ್ತಿ ಬಂದ ಸಂಖ್ಯೆಯೇ ಸ್ಟೇಟ್ ಈಕ್ವಲೈಜ್ಡ್ ವ್ಯಾಲ್ಯೂ, ಬಾಯಿಮಾತಿನಲ್ಲಿ ಎಸ್‌ಇವಿ. ನಿಮ್ಮ ನೋಟಿಸ್ ಫೆಬ್ರವರಿಯಲ್ಲೇ ಬರುತ್ತದೆ. ಅದಕ್ಕೇ ಅಲ್ಲಿರುವ 1.000 ಎಂಬ ಗುಣಕದ ಪಕ್ಕ ‘ತಾತ್ಕಾಲಿಕ’ ಅನ್ನುವ ಅರ್ಥದ ಪದ ಇರುವುದು.

ಸರಿ, ಹತ್ತು ವರ್ಷವೂ 1.000 ಯಾಕೆ? ಒಳ್ಳೆಯ ಅಸೆಸರ್ ಕೌಂಟಿಯವರು ಬಂದು ಗುಣಿಸುವ ತನಕ ಕಾಯುವುದಿಲ್ಲ. ಚಳಿಗಾಲದಲ್ಲೇ ಕೌಂಟಿಯ ಲೆಕ್ಕ ತರಿಸಿಕೊಂಡು, ಬಡಾವಣೆ ಬಡಾವಣೆಯಾಗಿ ತಾನೇ ತಿದ್ದುತ್ತಾರೆ. ಊರಿನ ಅಳತೆ 49ರಿಂದ 50ರೊಳಗೆ ಕೂತರೆ ಗುಣಕ ಒಂದೇ. ಗುಣಕ ಹಾಕಿಸಿಕೊಂಡರೆ ಸರಿಯಾಗಿದ್ದ ಮನೆಗಳ ಬೆಲೆಯೂ ಕಣ್ಣುಮುಚ್ಚಿ ಏರಿಬಿಡುತ್ತದೆ. ಅದು ಅನ್ಯಾಯ. ಡಿಸೆಂಬರ್, ಜನವರಿಯಲ್ಲಿ ನಾವು ರಾತ್ರಿ ಎಂಟರವರೆಗೆ ಕೂತು ಕೆಲಸ ಮಾಡುತ್ತಿದ್ದದ್ದು ಆ ಸಾಲಿನಲ್ಲಿ 1.000 ಅಂತಲೇ ಅಚ್ಚಾಗಲಿ ಎಂದು. ನಿಮಗೆ ಒಂದೇ ಸಂಖ್ಯೆ ಎರಡು ಸಲ ಕಾಣುತ್ತಿದೆ ಅಂದರೆ ನಿಮ್ಮೂರಿನ ಬಟ್ಟಿಗೆ ಮುದ್ರೆ ಬಿದ್ದಿದೆ ಅಂತ ಅರ್ಥ.

ಪ್ರಶ್ನೆ: ಪಕ್ಕದ ಮನೆ ನಮ್ಮ ಮನೆಯ ಥರದ್ದೇ. ಅದೇ ಬಿಲ್ಡರ್, ಅದೇ ವರ್ಷ. ಅವರ ಕಂದಾಯ ನಮ್ಮದರ ಅರ್ಧ! ಸರಿದೂಗಿಸುತ್ತಾರೆ ಅಂದರೆ ಇದನ್ನೂ ಸರಿದೂಗಿಸಬೇಕಲ್ಲವೇ?
– ಫಾರ್ಮಿಂಗ್ಟನ್ ಹಿಲ್ಸ್‌ನಿಂದ ಓದುಗರೊಬ್ಬರು

ಉತ್ತರ: ಇಲ್ಲ. ಸರಿದೂಗಿಸುವುದು ಅಸೆಸ್ಡ್ ವ್ಯಾಲ್ಯೂವನ್ನು ಮಾತ್ರ. ನಿಮ್ಮಿಬ್ಬರ ಅಸೆಸ್ಡ್ ವ್ಯಾಲ್ಯೂ ಹೆಚ್ಚುಕಡಿಮೆ ಒಂದೇ ಇದ್ದರೆ ಅಳತೆ ಸರಿ ಇದೆ. ಅವರ ಟ್ಯಾಕ್ಸಬಲ್ ವ್ಯಾಲ್ಯೂ ಕಡಿಮೆ ಇರುವುದು ಅವರು ಹಳಬರು ಅನ್ನುವ ಕಾರಣಕ್ಕೆ. 2010ರಲ್ಲಂತೂ ಹಣದುಬ್ಬರದ ದರ ಸೊನ್ನೆಗಿಂತ ಕೆಳಗೆ, ಮೈನಸ್ 0.3 ಪರ್ಸೆಂಟ್‌ಗೆ ಹೋಗಿತ್ತು. ಅಂಥ ವರ್ಷಗಳನ್ನೆಲ್ಲ ಅದೇ ಮನೆಯಲ್ಲಿ ಕಳೆದವರಿಗೆ ಆ ಲಾಭ ಸೇರುತ್ತಾ ಬಂದಿದೆ.

ಹೊಸಬರ ಮೇಲೆ ಭಾರ ಜಾಸ್ತಿ ಬೀಳುತ್ತದೆ, ಒಪ್ಪುತ್ತೇನೆ. ಆದರೆ ಪೆನ್ಷನ್ ಒಂದನ್ನೇ ನಂಬಿಕೊಂಡು ಎಪ್ಪತ್ತೈದರ ವಯಸ್ಸಿನಲ್ಲಿ ಒಬ್ಬರೇ ಇರುವ ಎಷ್ಟೋ ಹೆಂಗಸರು ಕೌಂಟರ್‌ಗೆ ಬಂದು, ಈ ಕಟ್ಟು ಇಲ್ಲದಿದ್ದರೆ ಮನೆ ಮಾರಬೇಕಿತ್ತು ಅಂದದ್ದನ್ನು ಕೇಳಿದ್ದೇನೆ. ಅವರ ಮುಖ ನೆನಪಾದರೆ ಇದನ್ನು ತೆಗೆಯಿರಿ ಅನ್ನಲು ನನಗೆ ಬಾಯಿ ಬರುವುದಿಲ್ಲ. ನೀವೂ ಅದೇ ಮನೆಯಲ್ಲಿ ಹದಿನೈದು ವರ್ಷ ಇದ್ದರೆ ಆ ಸಾಲಿಗೆ ಸೇರುತ್ತೀರಿ. ಒಂದು ಮಾತು ಮಾತ್ರ ನೆನಪಿಡಿ. ಬೆಲೆಯ ಬಗ್ಗೆ ದೂರು ಕೇಳಲು ಮಾರ್ಚ್‌ನಲ್ಲಿ ಸೇರುವ ಬೋರ್ಡ್ ಆಫ್ ರಿವ್ಯೂ ಮುಂದೆ ಹೋಗಿ ‘ಪಕ್ಕದವರದು ಕಡಿಮೆ’ ಅಂತ ವಾದ ಮಾಡಬೇಡಿ. ಅದನ್ನು ಬದಲಿಸುವ ಅಧಿಕಾರ ಅವರಿಗಿಲ್ಲ. ಸಿಕ್ಕಿದ ಹತ್ತು ನಿಮಿಷ ವ್ಯರ್ಥವಾಗುತ್ತದೆ.

ಪ್ರಶ್ನೆ: ಹೋದ ವರ್ಷ ನಮಗೆ ನೋಟಿಸ್ ಬರಲೇ ಇಲ್ಲ. ಹಳೇ ಬಾಡಿಗೆ ಮನೆ ವಿಳಾಸಕ್ಕೆ ಹೋಗಿತ್ತಂತೆ. ಜುಲೈಯಲ್ಲಿ ನೇರ ಬಿಲ್ ಬಂತು. ನೋಟಿಸ್ ಕೊಡದೆ ಹಾಕಿದ ಕಂದಾಯ ಕಾನೂನಿನಲ್ಲಿ ನಿಲ್ಲುತ್ತದೆಯೇ?
– ಟ್ರಾಯ್‌ನಿಂದ ಓದುಗರೊಬ್ಬರು

ಉತ್ತರ: ನಿಲ್ಲುತ್ತದೆ. ಮಾರ್ಚ್‌ನ ಬೋರ್ಡ್ ಆಫ್ ರಿವ್ಯೂ ಸೇರುವುದಕ್ಕೆ ಕನಿಷ್ಠ 14 ದಿನ ಮೊದಲು ನೋಟಿಸ್ ಕಳಿಸಬೇಕು ಅಂತ ಕಾನೂನು ಹೇಳುತ್ತದೆ. ಅದೇ ಕಾನೂನು, ನೋಟಿಸ್ ತಲುಪಲಿಲ್ಲ ಅನ್ನುವ ಕಾರಣಕ್ಕೆ ಅಸೆಸ್‌ಮೆಂಟ್ ರದ್ದಾಗುವುದಿಲ್ಲ ಅಂತಲೂ ಹೇಳುತ್ತದೆ. ವಿಳಾಸ ಸರಿ ಇದೆಯೇ ಅಂತ ನೋಡಿಕೊಳ್ಳುವ ಹೊಣೆ ಕಡೆಗೆ ನಮ್ಮ ಮೇಲೇ ಬರುತ್ತದೆ.

ಒಂದು ಜುಲೈ ನನಗೆ ಇವತ್ತಿಗೂ ಮರೆತಿಲ್ಲ. ಹಿರಿಯರೊಬ್ಬರು ಬಿಲ್ ಹಿಡಿದುಕೊಂಡು ಬಂದರು. ಅವರ ಮನೆಯ ಅಡಿಪಾಯ ಒಂದು ಮೂಲೆಯಲ್ಲಿ ಕುಸಿದಿತ್ತು. ಎಂಜಿನಿಯರ್ ಕೊಟ್ಟ ಪತ್ರ, ಬಿರುಕಿನ ಫೋಟೋ, ರಿಪೇರಿಯ ಅಂದಾಜು ಎಲ್ಲವೂ ಕೈಯಲ್ಲಿತ್ತು. ಇಂಥ ದಾಖಲೆ ಇಟ್ಟುಕೊಂಡು ಮಾರ್ಚ್‌ನಲ್ಲಿ ಬಂದಿದ್ದರೆ ಬೋರ್ಡಿನವರು ಬೆಲೆ ಇಳಿಸುತ್ತಿದ್ದರು. ನೋಟಿಸ್ ಬಂದಿತ್ತು, ಬಿಲ್ ಅಲ್ಲ ಅಂತ ಓದಿ ಡ್ರಾಯರ್‌ನಲ್ಲಿ ಇಟ್ಟಿದ್ದರು. ಜುಲೈಯಲ್ಲೂ ಡಿಸೆಂಬರ್‌ನಲ್ಲೂ ಬೋರ್ಡ್ ಸೇರುತ್ತದೆ. ಆದರೆ ಬರವಣಿಗೆಯ ತಪ್ಪು, ವಿನಾಯಿತಿ, ಕಡು ಬಡತನದ ರಿಯಾಯಿತಿ ಇಂಥವನ್ನು ಮಾತ್ರ ನೋಡುತ್ತದೆ. ಬೆಲೆಯನ್ನು ಮುಟ್ಟುವಂತಿಲ್ಲ. ರಾಜ್ಯದ ಟ್ಯಾಕ್ಸ್ ಟ್ರಿಬ್ಯುನಲ್‌ಗೆ ಜುಲೈ 31ರವರೆಗೆ ಅರ್ಜಿ ಹಾಕಬಹುದು. ವಾಸದ ಮನೆಯಾದರೆ ಮೊದಲು ಮಾರ್ಚ್‌ನ ಬೋರ್ಡ್ ಮುಂದೆ ಹೋಗಿ ಬಂದಿರಬೇಕು. ಅವರು ಹೋಗಿರಲಿಲ್ಲ. ಎಲ್ಲ ಬಾಗಿಲೂ ಮುಚ್ಚಿತ್ತು.

ಮರು ಮಾರ್ಚ್‌ನ ತಾರೀಖುಗಳನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟೆ. ಅವರು ಆ ಚೀಟಿ ಸಮೇತ ಬಂದರು. ಬೆಲೆ ಇಳಿಯಿತು. ಆದರೆ ಹಿಂದಿನ ವರ್ಷ ಕಟ್ಟಿದ ದುಡ್ಡು ವಾಪಸ್ ಬರಲಿಲ್ಲ. ಅವತ್ತಿನಿಂದ ಕನ್ನಡ ಕೂಟದ ಸಂಕ್ರಾಂತಿಗೆ ಹೋದಾಗಲೆಲ್ಲ ಎಳ್ಳುಬೆಲ್ಲದ ಜೊತೆ ಇದೊಂದು ಮಾತು ಹೇಳದೆ ನಾನು ಬಂದಿಲ್ಲ: ಫೆಬ್ರವರಿಯಲ್ಲಿ ಬರುವ ಲಕೋಟೆಯನ್ನು ಒಡೆದು ಓದಿ.

ನೀವು ಈಗ ಮಾಡಬೇಕಾದ್ದು: ಸಿಟಿ ಕಚೇರಿಗೆ ಫೋನ್ ಮಾಡಿ ಅಂಚೆ ವಿಳಾಸ ಬದಲಾಯಿಸಿ. ಈ ವರ್ಷದ ನೋಟಿಸ್‌ನ ಪ್ರತಿ ಕೇಳಿ, ಕೊಡುತ್ತಾರೆ. ಹಾಗೇ, ಮನೆ ಕೊಂಡ 45 ದಿನದೊಳಗೆ ಒಡೆತನ ಬದಲಾದ ಅಫಿಡವಿಟ್ ಕೊಟ್ಟಿದ್ದಿರಾ ಅಂತಲೂ ಕೇಳಿ. ಕೊಟ್ಟಿಲ್ಲದಿದ್ದರೆ ದಿನಕ್ಕೆ 5 ಡಾಲರ್, ಹೆಚ್ಚೆಂದರೆ 200 ಡಾಲರ್ ದಂಡ. ಅದಕ್ಕಿಂತ ಜಾಸ್ತಿ ನೋವಾಗುವುದು, ತಡವಾಗಿ ಗೊತ್ತಾದ ಮೇಲೆ ಹಿಂದಿನ ವರ್ಷಗಳ ಕಂದಾಯವನ್ನೂ ಸೇರಿಸಿ ಕೇಳಿದಾಗ.

ಪ್ರಶ್ನೆ: ನಾವೂ 2024ರಲ್ಲೇ ಮನೆ ಕೊಂಡವರು. ಬೆಲೆ ಜಾಸ್ತಿ ಹಾಕಿದ್ದಾರೆ ಅನ್ನಿಸುತ್ತಿದೆ. ಬೋರ್ಡ್ ಮುಂದೆ ಹೋಗಲು ಹೆದರಿಕೆ. ವೀಸಾದಲ್ಲಿ ಇರುವವರು ನಾವು. ಲಾಯರ್ ಬೇಕಾ? ಏನು ಹೇಳಬೇಕು?
– ಆನ್ ಆರ್ಬರ್‌ನಿಂದ ಓದುಗರೊಬ್ಬರು

ಉತ್ತರ: ಹೋಗಿ. ದಯವಿಟ್ಟು ಹೋಗಿ. ಮನೆ ನಿಮ್ಮದು, ಕಂದಾಯ ಕಟ್ಟುವವರು ನೀವು. ವೀಸಾಕ್ಕೂ ಇದಕ್ಕೂ ಸಂಬಂಧ ಇಲ್ಲ. ಲಾಯರ್ ಬೇಡ.

ಮನೆ ಕೊಂಡವರಿಗೆ ಕೊಂಡ ಮರುವರ್ಷದ ಮಾರ್ಚ್‌ನಷ್ಟು ಮುಖ್ಯವಾದ ಮಾರ್ಚ್ ಇನ್ನೊಂದು ಬರುವುದಿಲ್ಲ. ಯಾಕೆ ಅಂತ ಕೇಳಿ. ಹತ್ತು ವರ್ಷದಿಂದ ಒಂದೇ ಮನೆಯಲ್ಲಿ ಇರುವವರ ಅಸೆಸ್ಡ್ ವ್ಯಾಲ್ಯೂ 2,40,000, ಟ್ಯಾಕ್ಸಬಲ್ ವ್ಯಾಲ್ಯೂ 1,60,000 ಅಂತಿಟ್ಟುಕೊಳ್ಳಿ. ಅವರು ವಾದ ಮಾಡಿ ಮೊದಲನೆಯದನ್ನು 2,20,000ಕ್ಕೆ ಇಳಿಸಿಕೊಂಡರೂ ಕಂದಾಯ ಒಂದು ಸೆಂಟೂ ಇಳಿಯುವುದಿಲ್ಲ. ಕಂದಾಯ ನಿಂತಿರುವುದು 1,60,000ದ ಮೇಲೆ. ನಿಮಗೆ ಹಾಗಲ್ಲ. ಈ ವರ್ಷ ನಿಮ್ಮ ಎರಡೂ ಸಂಖ್ಯೆ ಒಂದೇ. ಈಗ 15,000 ಇಳಿದರೆ ಕಂದಾಯವೂ ಇಳಿಯುತ್ತದೆ. ಮುಂದಿನ ಪ್ರತಿ ವರ್ಷದ ಏರಿಕೆಯ ಲೆಕ್ಕವೂ ಆ ಕಡಿಮೆ ಬುಡದಿಂದಲೇ ಶುರುವಾಗುತ್ತದೆ. ಇಪ್ಪತ್ತು ವರ್ಷ ಆ ಮನೆಯಲ್ಲಿ ಇದ್ದರೆ ಇಪ್ಪತ್ತು ವರ್ಷವೂ ಅದರ ಫಲ.

ಮೊದಲು ನಿಮ್ಮ ಮನೆಯ ರೆಕಾರ್ಡ್ ಕಾರ್ಡ್ ತರಿಸಿಕೊಳ್ಳಿ. ಅಸೆಸರ್ ಕಚೇರಿಯಲ್ಲಿ ಪ್ರತಿ ಮನೆಗೂ ಒಂದು ಇರುತ್ತದೆ. ಎಷ್ಟೋ ಊರುಗಳಲ್ಲಿ ಆನ್‌ಲೈನ್‌ನಲ್ಲೇ ಸಿಗುತ್ತದೆ. ಎಷ್ಟು ಚದರಡಿ, ಎಷ್ಟು ಬಾತ್‌ರೂಮ್, ಬೇಸ್‌ಮೆಂಟ್ ಮುಗಿಸಿದ್ದೋ ಬರೀ ಕಾಂಕ್ರೀಟೋ, ಗ್ಯಾರೇಜ್ ಎಷ್ಟು ದೊಡ್ಡದು, ಎಲ್ಲ ಅದರಲ್ಲಿದೆ. ಬೆಲೆ ಹುಟ್ಟುವುದು ಆ ಕಾರ್ಡಿನಿಂದ. ಒಂದು ಸಲ ಮೊದಲ ಮನೆ ಕೊಂಡ ಹುಡುಗ ಹುಡುಗಿ ಬಂದರು. ಕಾರ್ಡಿನಲ್ಲಿ 900 ಚದರಡಿ ಬೇಸ್‌ಮೆಂಟ್ ಪೂರ್ತಿ ಮುಗಿಸಿದೆ ಅಂತ ಇತ್ತು. ಅವರ ಫೋನಿನಲ್ಲಿ ನೋಡಿದರೆ ಬೋಳು ಗೋಡೆ, ಒಂದು ಮೂಲೆಯಲ್ಲಿ ವಾಷಿಂಗ್ ಮಷಿನ್. ಯಾವ ಕಾಲದಲ್ಲೋ ಯಾರೋ ತಪ್ಪು ಬರೆದದ್ದು. ಹಳಬರಿಗೆ ಟ್ಯಾಕ್ಸಬಲ್ ವ್ಯಾಲ್ಯೂ ಕಡಿಮೆ ಇದ್ದದ್ದರಿಂದ ಅದು ತಾಗಿರಲಿಲ್ಲ. ಇವರಿಗೆ ತಾಗಿತು. ಐದು ನಿಮಿಷದಲ್ಲಿ ಸರಿಯಾಯಿತು.

ಕಾರ್ಡ್ ಸರಿ ಇದ್ದು ಬೆಲೆ ಮಾತ್ರ ಜಾಸ್ತಿ ಅನ್ನಿಸಿದರೆ ನಿಮ್ಮ ಮನೆಯ ಥರದ್ದೇ ಮೂರು ಮನೆಗಳ ಮಾರಾಟದ ದಾಖಲೆ ಬೇಕು. ಅದೇ ಬಡಾವಣೆ, ಹತ್ತಿರ ಹತ್ತಿರದ ಅಳತೆ, ಅದೇ ಕಾಲದ್ದು. ಕಾಲದ ಬಗ್ಗೆ ಜನಕ್ಕೆ ಗೊಂದಲ ಆಗುತ್ತದೆ. 2025ರ ಬೆಲೆಗೆ ಸಾಮಾನ್ಯವಾಗಿ ಬಳಸುವ ಎರಡು ವರ್ಷದ ಮಾರಾಟದ ಲೆಕ್ಕ 2022ರ ಏಪ್ರಿಲ್‌ನಿಂದ 2024ರ ಮಾರ್ಚ್‌ವರೆಗಿನದು. ಮೊನ್ನೆ ಜನವರಿಯಲ್ಲಿ ಮಾರಿದ ಮನೆಯ ಕಾಗದ ತಂದರೆ ಬೋರ್ಡಿನವರು ಪಕ್ಕಕ್ಕಿಡುತ್ತಾರೆ. ಜಪ್ತಿಯಾಗಿ ಬ್ಯಾಂಕು ಮಾರಿದ ಮನೆಯನ್ನೂ ಲೆಕ್ಕಕ್ಕೆ ಹಿಡಿಯುವುದು ಕಡಿಮೆ.

2025ರಲ್ಲಿ ಮಾರ್ಚ್‌ನ ಎರಡನೇ ಸೋಮವಾರ 10ನೇ ತಾರೀಖು. ಅಂದಿನಿಂದ ಬೋರ್ಡ್ ದೂರು ಕೇಳಲು ಕೂರುತ್ತದೆ. ಊರೂರಿಗೆ ದಿನ ಸ್ವಲ್ಪ ಹಿಂದೆಮುಂದೆ ಇರಬಹುದು. ನಿಮ್ಮ ದಿನ, ಗಂಟೆ, ಜಾಗ ನೋಟಿಸ್‌ನ ಕೆಳಗಡೆ ಬರೆದಿರುತ್ತದೆ. ಫೋನ್ ಮಾಡಿ ಸಮಯ ತಗೊಳ್ಳಿ. ಆಫೀಸಿಗೆ ರಜೆ ಸಿಗಲ್ಲ ಅಂತ ಬಿಡಬೇಡಿ. ಸಂಜೆ ಆರರ ನಂತರವೂ ಕನಿಷ್ಠ ಮೂರು ಗಂಟೆ ಕೂರಬೇಕು ಅಂತ ಕಾನೂನೇ ಇದೆ. ಮೇಜಿನ ಆಚೆ ಕೂತಿರುವವರು ಸಾಮಾನ್ಯವಾಗಿ ಮೂರು ಜನ. ನಿಮ್ಮ ಊರಿನಲ್ಲೇ ಕಂದಾಯ ಕಟ್ಟುವವರು. ಅಸೆಸರ್ ಆ ಬೋರ್ಡಿನ ಸದಸ್ಯರಲ್ಲ.

ಕಂದಾಯ ಕಟ್ಟಲು ಕಷ್ಟ ಅಂತ ಶುರು ಮಾಡಬೇಡಿ. ಅಲ್ಲಿ ಕೇಳುವ ಪ್ರಶ್ನೆ ಒಂದೇ: ಡಿಸೆಂಬರ್ 31ಕ್ಕೆ ಈ ಮನೆ ಎಷ್ಟು ಬಾಳುತ್ತಿತ್ತು? ‘ನೀವು ಬರೆದ ಸಂಖ್ಯೆಯ ಎರಡರಷ್ಟು ಇಷ್ಟಾಗುತ್ತದೆ. ಈ ಮೂರು ಮನೆ ಇಷ್ಟಿಷ್ಟಕ್ಕೆ ಹೋಗಿವೆ. ಆದ್ದರಿಂದ ನಮ್ಮದು ಇಷ್ಟಿರಬೇಕು.’ ಇಷ್ಟು ಹೇಳಿ ಕಾಗದ ಕೊಡಿ. ಒಪ್ಪಲಿಲ್ಲ ಅಂದರೂ ಚಿಂತೆ ಇಲ್ಲ. ಹೋಗಿ ಬಂದ ದಾಖಲೆ ನಿಮ್ಮ ಕೈಯಲ್ಲಿ ಇರುವುದರಿಂದ ಜುಲೈ 31ರವರೆಗೆ ಟ್ರಿಬ್ಯುನಲ್ ಬಾಗಿಲು ತೆರೆದಿರುತ್ತದೆ.

ಪ್ರಶ್ನೆ: ಮಗಳು ಮಿಷಿಗನ್‌ನಲ್ಲಿದ್ದಾಳೆ. ಅವಳ ನೋಟಿಸ್ ನೋಡಿ ಆಶ್ಚರ್ಯವಾಯಿತು. ನಮಗೆ ಇಲ್ಲಿ ಇಂಥ ಕಾಗದ ಯಾಕೆ ಬರುವುದಿಲ್ಲ?
– ಬೆಂಗಳೂರಿನ ಜಯನಗರದಿಂದ ಓದುಗರೊಬ್ಬರು

ಉತ್ತರ: ಬೆಂಗಳೂರಿನಲ್ಲಿ ಲೆಕ್ಕ ಹಾಕುವವರು ನೀವೇ ಅಲ್ವಾ? ನಿಮ್ಮ ವಲಯಕ್ಕೆ ಚದರಡಿಗೆ ಇಷ್ಟು ಅಂತ ದರ ಗೊತ್ತುಮಾಡಿರುತ್ತಾರೆ. ಕಟ್ಟಡದ ಬಗೆ, ವಯಸ್ಸು, ಸ್ವಂತಕ್ಕೋ ಬಾಡಿಗೆಗೋ ಅನ್ನುವುದನ್ನು ನೋಡಿ ನೀವೇ ಘೋಷಣೆ ಮಾಡಿಕೊಂಡು ಕಟ್ಟುತ್ತೀರಿ. ಒಬ್ಬ ಅಸೆಸರ್ ನಿಮ್ಮ ಮನೆಗೆ ಅಂತ ಬೇರೆಯಾಗಿ ಬೆಲೆ ಕಟ್ಟುವುದಿಲ್ಲ. ಹಾಗಾಗಿ ‘ನಾವು ಕಟ್ಟಿದ ಬೆಲೆ ಇದು, ತಕರಾರಿದ್ದರೆ ಬನ್ನಿ’ ಅಂತ ಪ್ರತಿ ವರ್ಷ ಪತ್ರ ಬರೆಯುವ ಪ್ರಸಂಗವೂ ಇಲ್ಲ. ಅಲ್ಲಿಯವರಿಗೆ ನೆನಪಿನಲ್ಲಿರುವ ತಿಂಗಳು ಏಪ್ರಿಲ್, 5 ಪರ್ಸೆಂಟ್ ರಿಯಾಯಿತಿ ಸಿಗುವುದು ಆಗ. ನಿಮ್ಮ ಮಗಳಿಗೆ ಮಾರ್ಚ್ ನೆನಪಿರಲಿ.

ಪ್ರಶ್ನೆ: ಛಾವಣಿ ಹೊಸದಾಗಿ ಹಾಕಿಸಬೇಕು. ಹಾಗೇ ಬೇಸ್‌ಮೆಂಟ್ ಮುಗಿಸಿ ಅಪ್ಪ ಅಮ್ಮ ಬಂದಾಗ ಇರಲು ಒಂದು ರೂಮು ಮಾಡಿಸಬೇಕು. ಕಂದಾಯ ಏರುತ್ತದೆಯೇ?
– ಕ್ಯಾಂಟನ್‌ನಿಂದ ಇನ್ನೊಬ್ಬ ಓದುಗರು

ಉತ್ತರ: ಛಾವಣಿಗೆ ಏರುವುದಿಲ್ಲ. ಹಳೇ ಛಾವಣಿ, ಕಿಟಕಿ ಬದಲಿಸುವುದು, ಹೊರಗಡೆ ಬಣ್ಣ ಹೊಡೆಸುವುದು ಮಾಮೂಲಿ ದುರಸ್ತಿ. ಮನೆ ಮಾರುವ ತನಕ ಅದನ್ನು ಬೆಲೆಗೆ ಸೇರಿಸುವಂತಿಲ್ಲ. ಬೇಸ್‌ಮೆಂಟ್ ರೂಮು ಹೊಸ ಸೇರ್ಪಡೆ. ಅದರ ಬೆಲೆಯ ಅರ್ಧ ನಿಮ್ಮ ಟ್ಯಾಕ್ಸಬಲ್ ವ್ಯಾಲ್ಯೂಗೆ ಸೇರುತ್ತದೆ. ಉಳಿದ ಮನೆಯ ಮೇಲಿನ ಕಟ್ಟು ಬಿಚ್ಚುವುದಿಲ್ಲ. ರೂಮಿನಿಂದ ಬೆಲೆಗೆ 20,000 ಡಾಲರ್ ಸೇರಿತು ಅಂತಿಟ್ಟರೆ ಅರ್ಧ 10,000, ಅದಕ್ಕೆ 36 ಮಿಲ್ ಅಂದರೆ ವರ್ಷಕ್ಕೆ 360 ಡಾಲರ್. ಪರ್ಮಿಟ್ ತಗೊಂಡೇ ಮಾಡಿಸಿ. ಎಮರ್ಜೆನ್ಸಿಯಲ್ಲಿ ಹೊರಗೆ ಬರುವಷ್ಟು ದೊಡ್ಡ ಕಿಟಕಿ ಇಡಿಸಿ. ಅಪ್ಪ ಅಮ್ಮ ಮಲಗುವ ಜಾಗ ಅದು.